ಹಿಮದ ಮೇಲೆ ಎರಡು ಹಲಗೆ

ಧನುರ್ಮಾಸದ ಬೆಳಗಿನಲ್ಲಿ ಹುಣಸೂರು ತಾಲ್ಲೂಕಿನ ಗಾವಡಗೆರೆಯ ಕಡೆ ಹೋದವರಿಗೆ ಮಂಜು ಎಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಕೆರೆಯ ಏರಿಯ ಮೇಲೆ ನಿಂತರೆ ಆಚೆಯ ಹೊಲ ಕಾಣದು. ಹುರುಳಿಯ ಎಲೆಯ ಮೇಲೂ ರಾಗಿಯ ಮೆದೆಯ ಮೇಲೂ ಇಬ್ಬನಿ ಕೂತಿರುತ್ತದೆ. ಎತ್ತುಗಳ ಉಸಿರು ಹೊಗೆಯಂತೆ ಮೂಗಿನಿಂದ ಹೊರಡುತ್ತದೆ. ಕಂಬಳಿಯ ಕೊಪ್ಪೆ ಹಾಕಿಕೊಂಡು ಹೊಲಕ್ಕೆ ಹೊರಟ ರೈತ ಎದುರಿಗೆ ಸಿಕ್ಕವನೊಡನೆ “ಏನ್ ಮಂಜು ಸುರೀತದೆ ಕಣಪ್ಪಾ!” ಎಂದು ಹೇಳಿ ಬೀಡಿ ಹಚ್ಚುತ್ತಾನೆ. ಬಿಸಿಲೇರುವ ಹೊತ್ತಿಗೆ ಮಂಜೂ ಇಲ್ಲ, ಚಳಿಯೂ ಇಲ್ಲ. ನಮ್ಮ ಪಾಲಿಗೆ ಬಂದ ಮಂಜು ಇಷ್ಟೇ.

ಈ ಬೆಳಗಿನ ಮುಸುಕಿಗೂ ಹಿಮಾಲಯದ ಮೇಲೆ ಆಳುದ್ದ ಬೀಳುವ ಬಿಳಿಯ ರಾಶಿಗೂ ನಾವು ಮಂಜು ಎಂಬ ಒಂದೇ ಮಾತನ್ನು ಬಳಸಿ ಸುಮ್ಮನಾಗಿದ್ದೇವೆ. ಹಿಮವೆಂಬುದು ಸಂಸ್ಕೃತದಿಂದ ತಂದುಕೊಂಡ ಮಾತು. ನಮ್ಮ ಆಕಾಶದಿಂದ ಗಟ್ಟಿಯಾಗಿ ಬೀಳುವುದು ಆಲಿಕಲ್ಲೊಂದೇ; ಅದಕ್ಕೆ ಮಾತ್ರ ನಮ್ಮದೇ ಹೆಸರಿದೆ. ವೃತ್ತಪತ್ರಿಕೆಗಳಲ್ಲಿ ‘ಹಿಮಪಾತ’ವೆಂದು ಓದಿದಾಗ ಆಕಾಶದಿಂದ ಹಿಮ ಮೆಲ್ಲಗೆ ಉದುರಿತೋ, ಅಥವಾ ಬೆಟ್ಟದ ಮೈಯಿಂದ ಕಿತ್ತು ಬಂದು ಜನರನ್ನು ಹೂತುಹಾಕಿತೋ ಎಂಬುದು ಮುಂದಿನ ವಾಕ್ಯ ಓದುವವರೆಗೆ ತಿಳಿಯುವುದಿಲ್ಲ. ಇದು ಭಾಷೆಯ ಬಡತನವಲ್ಲ. ನಮ್ಮ ಹವೆಯ ಭಾಗ್ಯ. ಬೇಡದ ವಸ್ತುವಿಗೆ ಹೆಸರನ್ನು ಯಾರು ಹುಡುಕುತ್ತಾರೆ?

ಆದರೆ ಚರಿತ್ರೆಯ ವಿನೋದವನ್ನು ನೋಡಿ. ಸ್ವತಂತ್ರ ಭಾರತದ ಸೈನಿಕರಿಗೆ ಹಿಮದ ಮೇಲೆ ನಡೆಯುವುದನ್ನೂ ಜಾರುವುದನ್ನೂ ಬದುಕುವುದನ್ನೂ ಕಲಿಸಲು ಶಾಲೆಯೊಂದನ್ನು ತೆರೆಸಿದ ಮನುಷ್ಯ ಹುಟ್ಟಿದ್ದು ಮಡಿಕೇರಿಯಲ್ಲಿ. ಮೈಸೂರಿನಿಂದ ಹೊರಟು ಹುಣಸೂರು, ಪಿರಿಯಾಪಟ್ಟಣಗಳನ್ನು ಹಾದು ಹೋಗುವ ಹೆದ್ದಾರಿ ಮುಟ್ಟುವ ಊರು ಅದೇ. ಕೊಡಗಿನ ಅತಿ ಎತ್ತರದ ತಡಿಯಂಡಮೋಳು ಸುಮಾರು ೫,೭೦೦ ಅಡಿ. ಕರ್ನಾಟಕಕ್ಕೆಲ್ಲ ಎತ್ತರವಾದ ಮುಳ್ಳಯ್ಯನಗಿರಿ ಸುಮಾರು ೬,೩೦೦ ಅಡಿ. ಎರಡರ ನೆತ್ತಿಯ ಮೇಲೂ ಹಿಮ ಬೀಳುವುದಿಲ್ಲ. ಇಂಥ ನಾಡಿನ ಮನುಷ್ಯನ ಕೈಗೆ ಆ ಕೆಲಸ ಹೇಗೆ ಬಂತೆಂಬುದನ್ನು ತಿಳಿಯಬೇಕಾದರೆ ಮೊದಲು ಯೂರೋಪಿನ ಆಲ್ಪ್ಸ್ ಪರ್ವತಗಳಿಗೆ ಹೋಗಿಬರಬೇಕು.

ಸ್ಕೀ ಎಂಬುದು ನಾರ್ವೆ ದೇಶದ ಮಾತು. ಅದರ ಹಳೆಯ ಅರ್ಥ ಸೀಳಿದ ಮರದ ತುಂಡು ಎಂದಷ್ಟೇ. ಹೊಸ ಹಿಮದ ಮೇಲೆ ಬರಿಯ ಪಾದವೂರಿದರೆ ಮನುಷ್ಯ ತೊಡೆಯವರೆಗೆ ಹೂತುಹೋಗುತ್ತಾನೆ. ಮುನ್ನೂರು ಗಜ ನಡೆಯುವುದೇ ಒಂದು ದಿನದ ದುಡಿಮೆಯಾದೀತು. ನಾಟಿಗೆ ಮೊದಲು ನಮ್ಮ ಗದ್ದೆಗಳಲ್ಲಿ ಮಟ್ಟ ಮಾಡುವ ಹಲಗೆಯ ಮೇಲೆ ನಿಂತ ರೈತನನ್ನು ವಾಚಕರು ನೋಡಿರಬಹುದು. ಎತ್ತು ಮೊಣಕಾಲುದ್ದ ಕೆಸರಿನಲ್ಲಿ ಇಳಿಯುತ್ತದೆ. ಹಲಗೆಯ ಮೇಲಿನವನು ಮುಳುಗದೆ ತೇಲಿದಂತೆ ಸಾಗುತ್ತಾನೆ. ಭಾರ ಹರಡಿದರೆ ಮೆತ್ತಗಿನ ನೆಲವೂ ಹೊರುತ್ತದೆ. ಸ್ಕೀ ಹಲಗೆಯ ಗುಟ್ಟೂ ಇದೇ. ಉತ್ತರ ಯೂರೋಪಿನ ಜೌಗುನೆಲಗಳಲ್ಲಿ ಸಹಸ್ರಾರು ವರ್ಷಗಳಷ್ಟು ಹಳೆಯ ಸ್ಕೀಗಳು ಸಿಕ್ಕಿವೆ. ಅಲ್ಲಿನ ಜನಕ್ಕೆ ಅದು ಆಟವಾಗಿರಲಿಲ್ಲ. ಬೇಟೆಗೆ, ಸೌದೆಗೆ, ನೆಂಟರ ಮನೆಗೆ ಹೋಗುವ ದಾರಿಯಾಗಿತ್ತು.

ಆಶ್ಚರ್ಯವೆಂದರೆ, ಅದೇ ಖಂಡದ ಮಧ್ಯದಲ್ಲಿದ್ದ ಆಲ್ಪ್ಸ್ ಬೆಟ್ಟಗಳ ಜನ ಈ ಸಾಧನವನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೆ ಹೆಚ್ಚಾಗಿ ಅರಿಯದೆಯೇ ಇದ್ದರು. ಚಳಿಗಾಲ ಬಂತೆಂದರೆ ದನಗಳನ್ನು ಕೊಟ್ಟಿಗೆಗೆ ಸೇರಿಸಿ, ಬಾಗಿಲು ಭದ್ರಮಾಡಿ, ಒಲೆಯ ಮುಂದೆ ಕೂತು ವಸಂತವನ್ನು ಕಾಯುವುದೇ ಅವರ ಪದ್ಧತಿ. ೧೮೮೮ರಲ್ಲಿ ನಾರ್ವೆಯ ಫ್ರಿಟ್ಯಾಫ್ ನಾನ್‌ಸೆನ್ ಐವರು ಸಂಗಡಿಗರೊಡನೆ ಗ್ರೀನ್‌ಲ್ಯಾಂಡಿನ ಹಿಮದ ಬಯಲನ್ನು ಪೂರ್ವದಿಂದ ಪಶ್ಚಿಮಕ್ಕೆ ಸ್ಕೀ ಕಟ್ಟಿಕೊಂಡು ದಾಟಿದ. ಆತ ಬರೆದ ಪುಸ್ತಕ ನಾಲ್ಕಾರು ಭಾಷೆಗಳಿಗೆ ತಿರುಗಿ ಮಧ್ಯ ಯೂರೋಪಿನ ತರುಣರ ನಿದ್ದೆಗೆಡಿಸಿತು. ೧೮೯೩ರಲ್ಲಿ ಸ್ವಿಟ್ಜರ್ಲೆಂಡಿನ ಗ್ಲಾರುಸ್ ಊರಿನ ಕ್ರಿಸ್ಟೋಫ್ ಇಸೆಲಿನ್ ಎಂಬಾತ ಗೆಳೆಯರೊಡನೆ ಪ್ರಾಗೆಲ್ ಕಣಿವೆಯನ್ನು ಚಳಿಗಾಲದಲ್ಲಿ ದಾಟಿ, ಆಲ್ಪ್ಸ್‌ನಲ್ಲಿಯೂ ಈ ಹಲಗೆ ನಡೆಯುತ್ತದೆಂದು ತೋರಿಸಿಕೊಟ್ಟ.

ಮರುವರ್ಷ ಈ ಕಥೆಯೊಳಗೆ ಬಂದವನು ನಮಗೆಲ್ಲ ಪರಿಚಿತನಾದ ಒಬ್ಬ ಲೇಖಕ. ಷರ್ಲಾಕ್ ಹೋಮ್ಸನ ಸೃಷ್ಟಿಕರ್ತ ಆರ್ಥರ್ ಕಾನನ್ ಡಾಯ್ಲ್ ಕ್ಷಯರೋಗದಿಂದ ಬಳಲುತ್ತಿದ್ದ ಹೆಂಡತಿಯ ಆರೋಗ್ಯಕ್ಕಾಗಿ ದಾವೋಸ್ ಊರಿನಲ್ಲಿ ಬಿಡಾರ ಮಾಡಿದ್ದ. ಅಲ್ಲಿ ಬ್ರಾಂಗರ್ ಸೋದರರೆಂಬ ಇಬ್ಬರು ನಾರ್ವೆಯ ಹಲಗೆಗಳ ಮೇಲೆ ತಮಗೆ ತಾವೇ ಪಾಠ ಮಾಡಿಕೊಂಡಿದ್ದರು. ಊರಿನವರು ನಕ್ಕಾರೆಂದು ಮೊದಮೊದಲು ಕತ್ತಲಾದ ಮೇಲೆ ಅಭ್ಯಾಸ ಮಾಡುತ್ತಿದ್ದರಂತೆ. ೧೮೯೪ರ ಮಾರ್ಚ್ ೨೩ರಂದು ಮೂವರೂ ಬೆಳಕು ಹರಿಯುವ ಮೊದಲೇ ಹೊರಟು, ಸುಮಾರು ೮,೦೦೦ ಅಡಿ ಎತ್ತರದ ಮೈಯನ್‌ಫೆಲ್ಡರ್ ಫುರ್ಕಾ ಕಣಿವೆಯನ್ನು ಹತ್ತಿ, ಮಧ್ಯಾಹ್ನದ ಊಟದ ಹೊತ್ತಿಗೆ ಮೊದಲೇ ಅರೋಸಾ ಎಂಬ ಊರಿಗೆ ಇಳಿದರು. ಇಳಿಜಾರಿನಲ್ಲಿ ಡಾಯ್ಲ್ ಬಹಳಷ್ಟು ದೂರವನ್ನು ಕೂತೇ ಜಾರಿದನೆಂದು ಕಾಣುತ್ತದೆ. ಅವನ ದಪ್ಪ ಉಣ್ಣೆಯ ಷರಾಯಿ ಎಂದಿಗೂ ಸವೆಯದೆಂದು ದರ್ಜಿ ಹೇಳಿದ್ದನಂತೆ. ಆ ಮಾತು ಸುಳ್ಳಾಯಿತೆಂದು ಆತನೇ ತಮಾಷೆಯಾಗಿ ಬರೆದುಕೊಂಡಿದ್ದಾನೆ. ಹೋಟೆಲಿನ ಪುಸ್ತಕದಲ್ಲಿ ಹೆಸರು ಬರೆಸುವಾಗ ಬ್ರಾಂಗರ್ ಡಾಯ್ಲನ ವೃತ್ತಿಯೆಂಬ ಕಡೆ ‘ಕ್ರೀಡಾಪಟು’ ಎಂಬರ್ಥದ ಮಾತನ್ನು ಬರೆದನಂತೆ. ಆ ಲೇಖಕನಿಗೆ ಬೇರೆ ಯಾವ ಬಿರುದೂ ಅಷ್ಟು ಸಂತೋಷ ಕೊಟ್ಟಿರಲಾರದು. ಮುಂದೆ ನೂರಾರು ಮಂದಿ ಇಂಗ್ಲಿಷರು ಈ ಹಲಗೆಗಳಿಗಾಗಿಯೇ ಸ್ವಿಟ್ಜರ್ಲೆಂಡಿಗೆ ಬರುವ ಕಾಲ ಬರುತ್ತದೆಂದು ಆತ ಅದೇ ವರ್ಷ ಬರೆದ. ಬಂದವರು ನೂರಾರಲ್ಲ, ಲಕ್ಷಾಂತರ.

ಇಂಥ ಒಂದು ದಿನದ ಹಿಮಯಾನ ಹೇಗೆ ನಡೆಯುತ್ತದೆಂಬುದನ್ನು ಇಲ್ಲಿ ಹೇಳಿದರೆ ಮುಂದಿನ ಮಾತಿಗೆ ಉಪಕಾರವಾಗುತ್ತದೆ. ಇಳಿಯುವುದು ಸುಲಭ, ಜಾರುವ ಹಲಗೆಯನ್ನೇ ಕಟ್ಟಿಕೊಂಡು ಹತ್ತುವುದು ಹೇಗೆ? ಹಸುವಿನ ಬೆನ್ನನ್ನು ತಲೆಯಿಂದ ಬಾಲದ ಕಡೆಗೆ ಸವರಿ ನೋಡಿ. ಕೈ ನುಣ್ಣಗೆ ಸರಿಯುತ್ತದೆ. ಹಿಂದುಮುಂದಾಗಿ ಸವರಿದರೆ ರೋಮ ಎದುರು ನಿಲ್ಲುತ್ತದೆ. ಹಿಂದೆ ಸೀಲ್ ಎಂಬ ಕಡಲಪ್ರಾಣಿಯ ಚರ್ಮದ ಪಟ್ಟಿಯನ್ನು ಹಲಗೆಯ ತಳಕ್ಕೆ ಕಟ್ಟುತ್ತಿದ್ದರು. ಮುಂದೆ ತಳ್ಳಿದರೆ ಹಲಗೆ ಜಾರುತ್ತದೆ, ಹಿಂದಕ್ಕೆ ಜಾರಲು ರೋಮ ಬಿಡುವುದಿಲ್ಲ. ಈಗ ಆ ಪಟ್ಟಿಗಳನ್ನು ಮೇಕೆಯ ಉಣ್ಣೆಯಿಂದಲೋ ನೈಲಾನಿನಿಂದಲೋ ಮಾಡುತ್ತಾರೆ, ಉಪಾಯ ಅದೇ. ಹಿಮ್ಮಡಿ ಮೇಲೇಳುವಂತೆ ಪಾದದ ತುದಿಯನ್ನು ಮಾತ್ರ ಕಟ್ಟಿ, ಬೆಟ್ಟದ ಮೈಮೇಲೆ ಹಾವಿನ ಹಾದಿಯಲ್ಲಿ ಗಂಟೆಗಟ್ಟಲೆ ಹತ್ತಿ, ನೆತ್ತಿಯಲ್ಲಿ ಚರ್ಮವನ್ನು ಬಿಚ್ಚಿ ಚೀಲಕ್ಕೆ ಹಾಕಿ, ಹಿಮ್ಮಡಿ ಬಿಗಿದು ಇಳಿಯುತ್ತಾರೆ. ನಾಲ್ಕು ಗಂಟೆ ಹತ್ತಿದ್ದು ಅರ್ಧ ಗಂಟೆಯಲ್ಲಿ ಮುಗಿದುಹೋಗುತ್ತದೆ. ಹೀಗೆ ೧೮೯೭ರ ಜನವರಿಯಲ್ಲಿ ವಿಲ್ಹೆಲ್ಮ್ ಪೌಲ್ಕೆ ಎಂಬ ಜರ್ಮನ್ ವಿದ್ವಾಂಸ ಗೆಳೆಯರೊಡನೆ ಬರ್ನ್ ಸೀಮೆಯ ದೊಡ್ಡ ಹಿಮನದಿಗಳನ್ನೇ ದಾಟಿದ. ಫ್ರಾನ್ಸಿನ ಶಾಮೋನಿಯಿಂದ ಸ್ವಿಟ್ಜರ್ಲೆಂಡಿನ ಜೆರ್ಮಾಟ್‌ವರೆಗೆ ಹೋಗುವ ‘ಎತ್ತರದ ದಾರಿ’ಯನ್ನು ಸ್ಕೀ ಮೇಲೆ ದಾಟುವ ಪ್ರಯತ್ನ ೧೯೦೩ರಲ್ಲಿ ಆರಂಭವಾಗಿ ೧೯೧೧ರ ಹೊತ್ತಿಗೆ ಕೈಗೂಡಿತು.

ಬೆಳಕು ಹರಿಯುವ ಮೊದಲೇ ಹೊರಡುವುದು ಉತ್ಸಾಹಕ್ಕಾಗಿ ಅಲ್ಲ, ಪ್ರಾಣಕ್ಕಾಗಿ. ಹಿಮ ಒಂದೇ ಸಲ ಬಿದ್ದ ರಾಶಿಯಲ್ಲ. ಚಳಿಗಾಲವೆಲ್ಲ ಪದರ ಪದರವಾಗಿ ಕೂತಿರುತ್ತದೆ. ನಡುವಿನ ಒಂದು ಪದರ ಸಕ್ಕರೆಯಂತೆ ಸಡಿಲವಾಗಿದ್ದರೆ ಅದರ ಮೇಲಿನದು ಮರಳಿನ ಮೇಲಿಟ್ಟ ಕಲ್ಲುಚಪ್ಪಡಿಯಂತೆ. ಬಿಸಿಲು ತಾಗಿಯೋ, ಹೊಸ ಹಿಮದ ಭಾರದಿಂದಲೋ, ಒಬ್ಬ ಮನುಷ್ಯನ ಹೆಜ್ಜೆಯಿಂದಲೋ ಚಪ್ಪಡಿ ಕಳಚಿಕೊಂಡರೆ ಇಡೀ ಬೆಟ್ಟದ ಮೈಯೇ ಹೊರಟುಬರುತ್ತದೆ. ಹೆಚ್ಚು ಅಪಾಯ ತೀರ ಕಡಿದಾದ ಬಂಡೆಗಳಲ್ಲಿಲ್ಲ, ಅಲ್ಲಿ ಹಿಮ ನಿಲ್ಲುವುದೇ ಇಲ್ಲ. ಸ್ಕೀ ಜಾರುವುದಕ್ಕೆ ಬಲು ಸೊಗಸಾಗಿ ಕಾಣುವ ಮೂವತ್ತರಿಂದ ನಲವತ್ತೈದು ಡಿಗ್ರಿಯ ಇಳಿಜಾರಿನಲ್ಲಿಯೇ ಇದೆ. ಹೂತುಹೋದವನನ್ನು ಹತ್ತು ನಿಮಿಷದೊಳಗೆ ಅಗೆದು ತೆಗೆದರೆ ಬಹುಮಟ್ಟಿಗೆ ಬದುಕುತ್ತಾನೆ. ಅರ್ಧ ಗಂಟೆ ಕಳೆಯಿತೆಂದರೆ ಆಸೆ ಬಹಳ ಕಡಿಮೆ. ಈ ಲೆಕ್ಕವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು.

ಆಲ್ಪ್ಸ್‌ನ ಕಡಿದಾದ ಇಳಿಜಾರಿಗೆ ತಕ್ಕ ವಿದ್ಯೆಯನ್ನು ರೂಢಿಸಿದವನು ಆಸ್ಟ್ರಿಯದ ಲಿಲಿಯನ್‌ಫೆಲ್ಡ್‌ನಲ್ಲಿದ್ದ ಮಥಿಯಾಸ್ ಜ್ದಾರ್‌ಸ್ಕಿ. ನಾನ್‌ಸೆನ್ನನ ಪುಸ್ತಕ ಓದಿ, ನಾರ್ವೆಯಿಂದ ಹಲಗೆ ತರಿಸಿ, ಅದು ತನ್ನ ಬೆಟ್ಟಕ್ಕೆ ಒಗ್ಗದೆ ಹೋದಾಗ ಕತ್ತರಿಸಿ ಮೋಟುಮಾಡಿ, ಹೊಸ ಕಟ್ಟನ್ನು ಕಂಡುಹಿಡಿದು, ತಿರುಗುವ ರೀತಿಯನ್ನು ಸಾವಿರಾರು ಮಂದಿಗೆ ಕಲಿಸಿದ. ಈ ಆಟಕ್ಕೆ ಇಂದಿನ ಪಂದ್ಯದ ರೂಪು ಕೊಟ್ಟ ಇನ್ನೊಬ್ಬನ ಹೆಸರು ಸರ್ ಆರ್ನಲ್ಡ್ ಲನ್. ೧೯೨೨ರಲ್ಲಿ ಮ್ಯೂರೆನ್ ಎಂಬ ಸ್ವಿಸ್ ಊರಿನಲ್ಲಿ ಆತ ಕಂಬಗಳ ನಡುವೆ ತಿರುಗಿ ತಿರುಗಿ ಇಳಿಯುವ ಪಂದ್ಯವನ್ನು ಏರ್ಪಡಿಸಿದ. ಆತ ಹುಟ್ಟಿದ್ದು ೧೮೮೮ರಲ್ಲಿ ನಮ್ಮ ಮದರಾಸಿನಲ್ಲಿ, ಪಾದ್ರಿ ವೈದ್ಯನೊಬ್ಬನ ಮಗನಾಗಿ! ಅವನ ಕ್ಲಬ್ಬಿನ ಹೆಸರು ಕಂದಹಾರ್; ಅದು ಆಫ್ಘನ್ ಯುದ್ಧದಲ್ಲಿ ಗೆದ್ದ ಇಂಗ್ಲಿಷ್ ಸೇನಾನಿಯೊಬ್ಬನ ಬಿರುದಿನಿಂದ ಬಂದದ್ದು. ಹಿಮದ ಆಟದಲ್ಲಿಯೂ ಸಾಮ್ರಾಜ್ಯದ ಮುದ್ರೆ ಹೀಗೆ ಒತ್ತಿಕೊಂಡಿತ್ತು.

ಆಟ ಬಹುಕಾಲ ಆಟವಾಗಿ ಉಳಿಯಲಿಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಇಟಲಿಯೂ ಆಸ್ಟ್ರಿಯವೂ ಆಲ್ಪ್ಸ್‌ನ ಶಿಖರಗಳ ಮೇಲೆಯೇ ಹೋರಾಡಿದವು. ವಯಸ್ಸಾಗಿದ್ದ ಜ್ದಾರ್‌ಸ್ಕಿ ಆಸ್ಟ್ರಿಯದ ಸೈನಿಕರಿಗೆ ಸ್ಕೀ ಗುರುವಾಗಿ ಹೋದ. ೧೯೧೬ರ ಫೆಬ್ರವರಿಯಲ್ಲಿ ಕುಸಿದ ಹಿಮ ಅವನನ್ನೇ ಕೆಡವಿಹಾಕಿತು. ಮೈಯಲ್ಲಿ ಎಂಬತ್ತರಷ್ಟು ಕಡೆ ಮೂಳೆ ಮುರಿದೋ ಕೀಲು ತಪ್ಪಿಯೋ ಹೋಯಿತೆಂದು ಹೇಳುತ್ತಾರೆ. ಆದರೂ ಬದುಕಿ, ಮತ್ತೆ ಹಲಗೆ ಕಟ್ಟಿದ. ಅದೇ ವರ್ಷ ಡಿಸೆಂಬರ್ ೧೩ರಂದು ಮಾರ್ಮೊಲಾಡ ಬೆಟ್ಟದಲ್ಲಿ ಸೈನಿಕರ ವಸತಿಯೊಂದರ ಮೇಲೆ ಹಿಮ ಕುಸಿದು ಒಂದೇ ಏಟಿಗೆ ಇನ್ನೂರಕ್ಕೂ ಹೆಚ್ಚು ಮಂದಿ ಸತ್ತರು. ಗುಂಡಿಗಿಂತ ಬೆಟ್ಟ ದೊಡ್ಡ ಶತ್ರುವೆಂಬ ಪಾಠವನ್ನು ಯೂರೋಪು ಕಲಿತದ್ದು ಹೀಗೆ.

ಇನ್ನು ನಮ್ಮ ದೇಶಕ್ಕೆ ಬರೋಣ. ಕಾಶ್ಮೀರದ ಗುಲ್ಮಾರ್ಗ ಸುಮಾರು ೮,೭೦೦ ಅಡಿ ಎತ್ತರದ ಹುಲ್ಲುಗಾವಲು. ಡಾಯ್ಲ್ ಏದುಸಿರು ಬಿಡುತ್ತ ಹತ್ತಿದ ಕಣಿವೆಯ ನೆತ್ತಿಗಿಂತ ಇದರ ಅಂಗಳವೇ ಎತ್ತರ. ಬ್ರಿಟಿಷ್ ಅಧಿಕಾರಿಗಳು ೧೯೨೭ರಲ್ಲಿ ಇಲ್ಲಿ ಭಾರತದ ಸ್ಕೀ ಕ್ಲಬ್ಬನ್ನು ಕಟ್ಟಿ, ರಜೆಯ ದಿನಗಳಲ್ಲಿ ಬಂದು ಆಡಿಹೋಗುತ್ತಿದ್ದರು. ಆಟ ಅವರದು, ಹೊರೆ ಹೊರುವ ಕೆಲಸ ಹಳ್ಳಿಗರದು. ಸ್ವಾತಂತ್ರ್ಯ ಬಂದಾಗ ನಮ್ಮ ಸೈನ್ಯದಲ್ಲಿ ಬರ್ಮಾದ ಕಾಡನ್ನೂ ಆಫ್ರಿಕದ ಮರಳನ್ನೂ ಇಟಲಿಯ ಬೆಟ್ಟಗಳನ್ನೂ ಕಂಡವರು ಬೇಕಾದಷ್ಟಿದ್ದರು. ಹಿಮವನ್ನೇ ರಣಭೂಮಿಯನ್ನಾಗಿ ಬಲ್ಲವರು ಬೆರಳೆಣಿಕೆಯಷ್ಟಿದ್ದರು.

ಆ ಕೊರತೆಯ ಬೆಲೆ ಮೊದಲನೆಯ ಚಳಿಗಾಲದಲ್ಲಿಯೇ ತಿಳಿಯಿತು. ೧೯೪೭ರ ಅಕ್ಟೋಬರಿನಲ್ಲಿ ಕಾಶ್ಮೀರದಲ್ಲಿ ಯುದ್ಧ ಹತ್ತಿಕೊಂಡ ಮೇಲೆ ಲಡಾಖಿನ ರಾಜಧಾನಿ ಲೇಹ್ ಒಂಟಿಯಾಗಿ ಉಳಿಯಿತು. ಶ್ರೀನಗರದಿಂದ ಅಲ್ಲಿಗಿದ್ದ ಹಾದಿ ೧೧,೫೦೦ ಅಡಿಗೂ ಎತ್ತರದ ಜೋಜಿಲಾ ಕಣಿವೆ; ಚಳಿಗಾಲದಲ್ಲಿ ಅದು ಮುಚ್ಚಿದ ಬಾಗಿಲು. ೧೯೪೮ರ ಫೆಬ್ರವರಿಯಲ್ಲಿ ಲಾಹೌಲ್ ಸೀಮೆಯ ಪೃಥ್ವೀಚಂದ್ ಎಂಬ ಅಧಿಕಾರಿ ತಾನೇ ಮುಂದೆ ಬಂದು, ತನ್ನ ಕಡೆಯ ಹಿಮ ಬಲ್ಲ ಸ್ವಯಂಸೇವಕರ ಒಂದು ಸಣ್ಣ ತಂಡವನ್ನು ಕಟ್ಟಿಕೊಂಡು, ನಡುಚಳಿಗಾಲದಲ್ಲಿಯೇ ಜೋಜಿಲಾ ದಾಟಿ ಮಾರ್ಚ್ ೮ರಂದು ಲೇಹ್ ಮುಟ್ಟಿದ. ಲೇಹ್ ಉಳಿದುಕೊಂಡದ್ದಕ್ಕೆ ಆ ಕೆಲವೇ ಮಂದಿಯ ಹಿಮಜ್ಞಾನ ಒಂದು ದೊಡ್ಡ ಕಾರಣ. ಅದು ಶಾಲೆಯಲ್ಲಿ ಕಲಿತ ವಿದ್ಯೆಯಲ್ಲ. ಹುಟ್ಟಿದ ಹಳ್ಳಿ ಕಲಿಸಿದ್ದು.

ಆ ವರ್ಷದ ಮೇ ತಿಂಗಳಲ್ಲಿ ಶ್ರೀನಗರದ ಕಡೆಯ ದಿವಿಜನ್ನಿನ ಹೊಣೆ ಮೇಜರ್ ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರ ಮೇಲೆ ಬಿತ್ತು. ೧೯೦೬ರ ಮಾರ್ಚ್ ತಿಂಗಳಲ್ಲಿ ಮಡಿಕೇರಿಯಲ್ಲಿ ಹುಟ್ಟಿ, ಕೂನೂರಿನಲ್ಲಿಯೂ ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿಯೂ ಓದಿ, ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್‌ನಲ್ಲಿ ತರಬೇತಿ ಪಡೆದವರು ಅವರು. ಎರಡನೆಯ ಮಹಾಯುದ್ಧದಲ್ಲಿ ಬರ್ಮಾದ ರಂಗದಲ್ಲಿ ಬ್ರಿಗೇಡೊಂದನ್ನು ನಡೆಸಿದ ಮೊದಲ ಭಾರತೀಯರೆಂಬ ಹೆಸರು ಅವರಿಗಿತ್ತು. ಪಶ್ಚಿಮದ ಸೈನ್ಯಕ್ಕೆಲ್ಲ ಮೇಲಧಿಕಾರಿಯಾಗಿದ್ದವರು ಅವರ ನೆರೆಯ ಶನಿವಾರಸಂತೆಯಲ್ಲಿ ಹುಟ್ಟಿದ ಕಾರ್ಯಪ್ಪನವರು. ಇಡೀ ಭಾರತದ ಅತಿ ಎತ್ತರದ ರಣರಂಗದ ಹೊಣೆ ಕಾಫಿಯ ನಾಡಿನ ಇಬ್ಬರ ಹೆಗಲ ಮೇಲಿತ್ತೆಂಬುದು ನೆನೆಯತಕ್ಕ ಸಂಗತಿ.

ಮೇ ೨೪ರಂದು ಏರ್ ಕಮೋಡೋರ್ ಮೆಹರ್ ಸಿಂಗ್ ನಡೆಸಿದ ಡಕೋಟಾ ವಿಮಾನದಲ್ಲಿ ಕೂತು ತಿಮ್ಮಯ್ಯನವರು ಲೇಹ್‌ನಲ್ಲಿ ಇಳಿದರು. ಅದಕ್ಕೆ ಮೊದಲು ಯಾವ ವಿಮಾನವೂ ಅಲ್ಲಿ ಇಳಿದಿರಲಿಲ್ಲ. ಲಡಾಖಿನವರೇ ಆದ ಎಂಜಿನಿಯರ್ ಸೋನಂ ನೋರ್ಬು ಊರಿನವರ ಕೈಯಿಂದ ಮಾಡಿಸಿದ ಒರಟು ಪಟ್ಟಿಯೇ ವಿಮಾನ ನಿಲ್ದಾಣ. ಆದರೆ ವಿಮಾನದಿಂದ ಒಂದು ಸೈನ್ಯವನ್ನು ಸಾಕಲಾಗುವುದಿಲ್ಲ; ಜೋಜಿಲಾ ಬಿಡಿಸಿಕೊಳ್ಳಲೇಬೇಕು. ಶತ್ರುಗಳು ಕಣಿವೆಯ ಎರಡೂ ಬದಿಯ ಬಂಡೆಗಳಲ್ಲಿ ಬೀಡುಬಿಟ್ಟಿದ್ದರು. ಸೆಪ್ಟೆಂಬರಿನಲ್ಲಿ ನಡೆಸಿದ ಮುತ್ತಿಗೆಗಳು ಫಲಿಸಲಿಲ್ಲ. ಆಗ, ಆ ಎತ್ತರಕ್ಕೆ ಟ್ಯಾಂಕುಗಳನ್ನೇ ಹತ್ತಿಸುವುದೆಂಬ ನಿರ್ಧಾರವಾಯಿತು. ಸ್ಟುವರ್ಟ್ ಟ್ಯಾಂಕುಗಳ ಗೋಪುರಗಳನ್ನು ಬಿಚ್ಚಿ, ಗುಟ್ಟಾಗಿ ಶ್ರೀನಗರದ ಮೂಲಕ ಸಾಗಿಸಿದರು. ಬಾಲ್ತಲ್‌ನಿಂದ ಮೇಲಿದ್ದದ್ದು ಹೇಸರಗತ್ತೆಯ ಹಾದಿ. ಅದನ್ನು ಟ್ಯಾಂಕು ಹೋಗುವಷ್ಟು ಅಗಲ ಮಾಡಿದವರು ಮೇಜರ್ ತಂಗರಾಜು ಅವರ ಕೈಕೆಳಗಿನ ಮದ್ರಾಸ್ ಸ್ಯಾಪರ್ಸ್. ಆ ದಳದ ತವರುಮನೆ ಬೆಂಗಳೂರಿನ ಹಲಸೂರು ಕೆರೆಯ ದಂಡೆ. ನಮ್ಮ ವಾಚಕರಲ್ಲಿ ಎಷ್ಟೋ ಮಂದಿ ಅದರ ಗೋಡೆಯ ಪಕ್ಕದಲ್ಲಿಯೇ ದಿನವೂ ಬಸ್ಸಿನಲ್ಲಿ ಹೋಗುತ್ತಿರಬೇಕು.

೧೯೪೮ರ ನವೆಂಬರ್ ೧ರಂದು ಹಿಮ ಬೀಳುತ್ತಿದ್ದಂತೆಯೇ ಲೆಫ್ಟಿನೆಂಟ್ ಕರ್ನಲ್ ರಾಜಿಂದರ್ ಸಿಂಗ್ ಅವರ ಏಳನೆಯ ಲೈಟ್ ಕ್ಯಾವಲ್ರಿಯ ಟ್ಯಾಂಕುಗಳು ಕಣಿವೆಗೆ ನುಗ್ಗಿದವು. ಅಷ್ಟು ಎತ್ತರದಲ್ಲಿ ಜಗತ್ತಿನಲ್ಲಿ ಎಲ್ಲಿಯೂ ಅಂದಿನವರೆಗೆ ಟ್ಯಾಂಕು ಕಾದಿರಲಿಲ್ಲ. ದಿವಿಜನ್ನಿನ ಸೇನಾನಿಯಾದ ತಿಮ್ಮಯ್ಯನವರು ತಾವೇ ಮುಂಚೂಣಿಯಲ್ಲಿ ಟ್ಯಾಂಕು ಹತ್ತಿ ಹೋದರು. ಕಣಿವೆ ತೆರೆಯಿತು. ನವೆಂಬರ್ ಮಧ್ಯದಲ್ಲಿ ದ್ರಾಸ್, ಅದೇ ತಿಂಗಳಲ್ಲಿ ಕಾರ್ಗಿಲ್ ಕೈಸೇರಿ ಲೇಹ್‌ಗೆ ದಾರಿಯಾಯಿತು.

ಈ ವಿಜಯವನ್ನು ಎಲ್ಲರೂ ಬಲ್ಲರು. ಅದರ ಬೆನ್ನಿಗೇ ನಡೆದ ಸಣ್ಣ ಕೆಲಸವನ್ನು ಬಲ್ಲವರು ಕಡಿಮೆ. ಗೆದ್ದ ನೆಲವನ್ನು ಮುಂದಿನ ತಿಂಗಳು ಹಿಮ ಮುಚ್ಚುತ್ತದೆ. ಆ ಹಿಮದಲ್ಲಿ ಕಾವಲು ನಿಲ್ಲುವವನು ಮದರಾಸಿನವನಾಗಿರಬಹುದು, ಬಿಹಾರದವನಾಗಿರಬಹುದು, ಮೈಸೂರಿನವನಾಗಿರಬಹುದು. ಕಾಲ್ಬೆರಳು ಮರಗಟ್ಟಿದಾಗ ಅದನ್ನು ಬೆಂಕಿಗೊಡ್ಡಿದರೆ ಅಪಾಯವೆಂದು ಅವನಿಗೆ ಯಾರು ಹೇಳಬೇಕು? ಯಾವ ಇಳಿಜಾರನ್ನು ನಂಬಬಹುದು, ಯಾವುದನ್ನು ನಂಬಬಾರದೆಂದು ಯಾರು ತೋರಿಸಬೇಕು? ೧೯೪೮ರ ಡಿಸೆಂಬರಿನಲ್ಲಿ, ಯುದ್ಧವಿರಾಮಕ್ಕೆ ಇನ್ನೂ ಕೆಲವೇ ದಿನಗಳಿದ್ದಾಗ, ತಿಮ್ಮಯ್ಯನವರು ಗುಲ್ಮಾರ್ಗದಲ್ಲಿ ತಮ್ಮ ದಿವಿಜನ್ನಿನದೇ ಆದ ಸ್ಕೀ ಶಾಲೆಯನ್ನು ತೆರೆದರು. ಸಾಹೇಬರ ಆಟದ ಅಂಗಳ ಸಿಪಾಯಿಯ ಪಾಠಶಾಲೆಯಾಯಿತು. ಡಾಯ್ಲ್ ಕೂತು ಜಾರಿದ ವಿದ್ಯೆಯನ್ನೇ, ಜ್ದಾರ್‌ಸ್ಕಿ ಮೂಳೆ ಮುರಿದುಕೊಂಡು ಕಲಿಸಿದ ವಿದ್ಯೆಯನ್ನೇ, ರಾಗಿಮುದ್ದೆಯುಂಡು ಬೆಳೆದ ಹುಡುಗನೂ ಇನ್ನು ಕಲಿಯಬಹುದಾಗಿತ್ತು.

ಶಾಲೆ ಬೆಳೆಯಿತು. ಚಳಿಗಾಲದ ಯುದ್ಧಶಾಲೆಯೆಂದು ಹೆಸರು ಪಡೆಯಿತು. ೧೯೬೨ರ ಏಪ್ರಿಲ್ ೮ರಂದು ಮೇಲ್ದರ್ಜೆಗೇರಿ, ‘ಹೈ ಆಲ್ಟಿಟ್ಯೂಡ್ ವಾರ್‌ಫೇರ್ ಸ್ಕೂಲ್’ ಆಯಿತು. ಇಂದಿಗೂ ಅದೇ ಹೆಸರು. ಆದರೆ ಶಾಲೆಯೊಂದಿದ್ದರೆ ಸಾಲದು. ಪಾಠ ಎಲ್ಲರಿಗೂ ಮುಟ್ಟಬೇಕು. ಅದೇ ವರ್ಷದ ಅಕ್ಟೋಬರಿನಲ್ಲಿ ಚೀನದೊಡನೆ ಯುದ್ಧವಾದಾಗ ಥಗ್‌ಲಾ ಬೆಟ್ಟದ ಕೆಳಗಿದ್ದ ನಮ್ಮ ಸೈನಿಕರಲ್ಲಿ ಎಷ್ಟೋ ಮಂದಿಯ ಮೈಮೇಲೆ ಬೇಸಗೆಯ ಹತ್ತಿಯ ಉಡುಪಿತ್ತು. ಭೂಸೈನ್ಯದ ಮುಖ್ಯಸ್ಥರಾಗಿದ್ದ ತಿಮ್ಮಯ್ಯನವರು ೧೯೬೧ರ ಮೇ ತಿಂಗಳಲ್ಲಿಯೇ ನಿವೃತ್ತರಾಗಿದ್ದರು. ಹದಿನಾಲ್ಕು ವರ್ಷಗಳ ಹಿಂದೆ ಒಂದು ದಿವಿಜನ್ನು ಕಲಿತ ಪಾಠವನ್ನು ಇಡೀ ಸೈನ್ಯ ಮತ್ತೊಮ್ಮೆ, ಬಹಳ ಹೆಚ್ಚಿನ ಬೆಲೆ ಕೊಟ್ಟು, ಕಲಿಯಬೇಕಾಯಿತು. ತಿಮ್ಮಯ್ಯನವರು ವಿಶ್ವಸಂಸ್ಥೆಯ ಶಾಂತಿಸೇನೆಯ ನಾಯಕರಾಗಿ ಸೈಪ್ರಸ್‌ನಲ್ಲಿದ್ದಾಗ ೧೯೬೫ರ ಡಿಸೆಂಬರ್ ೧೮ರಂದು ತೀರಿಕೊಂಡರು.

ಅವರ ಶಾಲೆಯ ವಿದ್ಯೆಗೆ ಅತಿ ಕಠಿಣವಾದ ಪರೀಕ್ಷೆ ಬಂದದ್ದು ಸಿಯಾಚಿನ್ ಹಿಮನದಿಯ ಮೇಲೆ. ೧೯೭೮ರಲ್ಲಿ ಆ ಶಾಲೆಯ ಮುಖ್ಯಸ್ಥರಾಗಿದ್ದ ಕರ್ನಲ್ ನರೇಂದ್ರ ಕುಮಾರ್ ತಮ್ಮ ತಂಡದೊಡನೆ ಅಲ್ಲಿಗೆ ಹೋಗಿ ನೆಲದ ಮಾಹಿತಿ ತಂದರು. ೧೯೮೪ರ ಏಪ್ರಿಲ್ ೧೩ರಿಂದ ನಮ್ಮ ಸೈನ್ಯ ಅಲ್ಲಿಯೇ ನಿಂತಿದೆ. ಆಲ್ಪ್ಸ್‌ಗೆಲ್ಲ ಎತ್ತರವಾದ ಮಾಂಟ್ ಬ್ಲಾಂಕ್ ೧೫,೭೦೦ ಅಡಿಗೆ ಸ್ವಲ್ಪ ಮೇಲೆ. ಸಿಯಾಚಿನ್ನಿನ ಸೋನಂ ಠಾಣೆ ೧೯,೬೦೦ ಅಡಿ. ಆಲ್ಪ್ಸ್‌ನಲ್ಲಿ ಒಂದು ದಿನದ ಸಾಹಸ ಮುಗಿಸಿದವನು ಸಂಜೆ ಹೋಟೆಲಿಗಿಳಿದು ಬಿಸಿ ಸೂಪು ಕುಡಿಯುತ್ತಾನೆ. ಇಲ್ಲಿ ಆ ದಿನ ತಿಂಗಳುಗಟ್ಟಲೆ ಮುಗಿಯುವುದಿಲ್ಲ.

೨೦೧೬ರ ಫೆಬ್ರವರಿ ೩ರಂದು ಆ ಸೋನಂ ಠಾಣೆಯ ಮೇಲೆ ಹಿಮದ ಭಾರಿ ಗೋಡೆಯೊಂದು ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತೊಂಬತ್ತನೆಯ ಬೆಟಾಲಿಯನ್ನಿನ ಠಾಣೆಯಲ್ಲಿದ್ದ ಹತ್ತು ಮಂದಿಯನ್ನು ಮುಚ್ಚಿಬಿಟ್ಟಿತು. ಅರ್ಧ ಗಂಟೆಯ ಲೆಕ್ಕವನ್ನು ನೆನಪಿಡಬೇಕೆಂದು ಹಿಂದೆ ಹೇಳಿದ್ದು ಇದಕ್ಕಾಗಿಯೇ. ಬಂಡೆಯಂತೆ ಗಟ್ಟಿಯಾಗಿದ್ದ ಹಿಮವನ್ನು ಯಂತ್ರಗಳಿಂದ ಕೊಯ್ದು, ನಾಯಿಗಳ ಮೂಗಿನ ಸಹಾಯದಿಂದ ಹುಡುಕಿ, ಆರನೆಯ ದಿನ ಸುಮಾರು ಇಪ್ಪತ್ತೈದು ಅಡಿ ಆಳದಿಂದ ಒಬ್ಬನನ್ನು ಜೀವಸಹಿತ ಎತ್ತಿದರು. ಕುಂದಗೋಳ ತಾಲ್ಲೂಕು ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. ಮೂರು ದಿನ ಇಡೀ ದೇಶ ಉಸಿರು ಬಿಗಿಹಿಡಿದು ದೆಹಲಿಯ ಆಸ್ಪತ್ರೆಯ ಕಡೆ ನೋಡಿತು. ಫೆಬ್ರವರಿ ೧೧ರಂದು ಆತ ತೀರಿಕೊಂಡ. ಉಳಿದ ಒಂಬತ್ತು ಮಂದಿಯಲ್ಲಿ ಹಾಸನ ಜಿಲ್ಲೆ ತೇಜೂರಿನ ಸುಬೇದಾರ್ ಟಿ. ಟಿ. ನಾಗೇಶ ಒಬ್ಬರು, ನಮ್ಮ ನೆರೆಯ ಎಚ್. ಡಿ. ಕೋಟೆಯ ಸಿಪಾಯಿ ಪಿ. 
ಎನ್. ಮಹೇಶ ಇನ್ನೊಬ್ಬರು. ಮಂಜೆಂದರೆ ಬೆಳಗಿನ ಒಂಬತ್ತಕ್ಕೆ ಹರಿದುಹೋಗುವುದೆಂದು ತಿಳಿದು ಬೆಳೆದ ಸೀಮೆಯ ಮಕ್ಕಳು ಇವರು.

ಆ ವಾರ ಹುಣಸೂರಿನ ಹೋಟೆಲುಗಳಲ್ಲಿಯೂ ಕೋಟೆಯ ಸಂತೆಯಲ್ಲಿಯೂ ಜನ ಹಿಮದ ವಿಷಯ ಮಾತನಾಡಿದರು. ಬಹುಶಃ ಮೊದಲನೆಯ ಸಲ ನಮ್ಮ ಕಡೆ ‘ಹಿಮಪಾತ’ವೆಂಬ ಮಾತಿನ ಎರಡು ಅರ್ಥಗಳ ನಡುವಿನ ಅಂತರ ಹಳ್ಳಿಹಳ್ಳಿಗೆ ತಿಳಿಯಿತು. ಅದನ್ನು ಮೊದಲೇ ಬಲ್ಲ ಜನ ನಮ್ಮ ಪಕ್ಕದಲ್ಲಿಯೇ ಇದ್ದರು: ೧೯೫೯ರ ನಂತರ ಹಿಮಾಲಯದ ಕಣಿವೆಗಳನ್ನು ಕಾಲ್ನಡಿಗೆಯಲ್ಲಿ ದಾಟಿ ಬಂದು, ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ನೆಲೆನಿಂತು, ಜೋಳ ಬೆಳೆಯುವುದನ್ನು ನಮ್ಮಿಂದ ಕಲಿತ ಟಿಬೆಟಿನವರು. ಅವರಲ್ಲಿ ಹಿರಿಯರನ್ನು ಹಿಮದ ವಿಷಯ ಕೇಳಬೇಕೆಂದು ನಮಗೆ ತೋಚಲೇ ಇಲ್ಲ.

ಚರಿತ್ರೆ ಇಷ್ಟಕ್ಕೆ ನಿಂತಿಲ್ಲವೆಂಬುದು ಸಮಾಧಾನದ ಮಾತು. ಕರ್ನಾಟಕ ಸರ್ಕಾರ ಯುವಕರಿಗೆ ಬೆಟ್ಟದ ವಿದ್ಯೆ ಕಲಿಸಲು ನಡೆಸುತ್ತಿರುವ ಸಾಹಸ ಅಕಾಡೆಮಿಗೆ ಜನರಲ್ ತಿಮ್ಮಯ್ಯನವರ ಹೆಸರಿದೆ. ಅವರ ಶಾಲೆಯಿದ್ದ ಅದೇ ಗುಲ್ಮಾರ್ಗದ ಇಳಿಜಾರಿನಲ್ಲಿ, ಈಚಿನ ವರ್ಷಗಳ ಖೇಲೋ ಇಂಡಿಯಾ ಚಳಿಗಾಲದ ಪಂದ್ಯಗಳಲ್ಲಿ, ಕೊಡಗಿನ ಹೆಣ್ಣುಮಗಳು ತೆಕ್ಕಡ ಭವಾನಿ ಸ್ಕೀ ಓಟದಲ್ಲಿ ಕರ್ನಾಟಕಕ್ಕೆ ಚಿನ್ನದ ಪದಕಗಳನ್ನು ತಂದಿದ್ದಾಳೆ. ಆಟದಿಂದ ಯುದ್ಧಕ್ಕೆ ಹೋದ ಹಲಗೆ ನಮ್ಮ ನಾಡಿನ ಮಟ್ಟಿಗೆ ಯುದ್ಧದಿಂದ ಆಟಕ್ಕೆ ತಿರುಗಿ ಬರುತ್ತಿರುವಂತೆ ಕಾಣುತ್ತದೆ. ಹಾಗೆಯೇ ಆಗಲಿ.

ಮಡಿಕೇರಿಯಲ್ಲಿ ತಿಮ್ಮಯ್ಯನವರು ಬೆಳೆದ ‘ಸನ್ನಿ ಸೈಡ್’ ಮನೆ ೨೦೨೧ರ ಫೆಬ್ರವರಿ ೬ರಿಂದ ವಸ್ತುಸಂಗ್ರಹಾಲಯವಾಗಿದೆ. ಮನೆಯ ಹೆಸರಿನ ಅರ್ಥ ಬಿಸಿಲ ಬದಿ. ಮೈಸೂರಿನ ಕಡೆಯಿಂದ ಬಸ್ಸಿನಲ್ಲಿ ಮಡಿಕೇರಿಗೆ ಹೋಗುವವರು ಹಿಂದಿರುಗುವ ಮುನ್ನ ಒಂದು ಗಂಟೆ ಬಿಡುವು ಮಾಡಿಕೊಂಡು ಅಲ್ಲಿಗೆ ಹೋಗಿಬರಬಹುದು. ಹಿಂದಿರುಗುವಾಗ ಹುಣಸೂರಿನಲ್ಲಿ ಬಸ್ಸು ನಿಂತರೆ, ಕೋಟೆಯ ಕಡೆಗೆ ಹೋಗುವ ಬಸ್ಸೂ ಪಕ್ಕದಲ್ಲಿಯೇ ನಿಂತಿರುತ್ತದೆ. ಅದರಲ್ಲಿ ರಜೆಗೆ ಬಂದ ಸಿಪಾಯಿಯೊಬ್ಬ ಕಬ್ಬಿಣದ ಪೆಟ್ಟಿಗೆಯೊಡನೆ ಕೂತಿದ್ದರೆ, ಎಲ್ಲಿಂದ ಬಂದಿರಿ ಎಂದು ಒಂದು ಮಾತು ಕೇಳಿ ನೋಡಿ.